ಸಿಂಕಿನ ಕೆಳಗೆ ಮೂರು ಕಾಗದ

೨೦೧೯ರ ಮಾರ್ಚ್ ೯, ಶನಿವಾರ, ಬೆಳಗ್ಗೆ ೭ ಗಂಟೆ ೪೦ ನಿಮಿಷ. ಅಡುಗೆಮನೆಯ ಸಿಂಕಿನ ಬದಿಗಿರುವ ಫಿಲ್ಟರ್ ನಲ್ಲಿಯ ಕೆಳಗೆ ಒಂದು ಲೀಟರ್ ಗುರುತಿನ ಜಗ್ ಹಿಡಿದು ನಾನು ಗಡಿಯಾರ ನೋಡುತ್ತಿದ್ದೆ. ನೀರು ಪೆನ್ಸಿಲ್ಲಿನ ಸೀಸದಷ್ಟು ಸಣ್ಣಗೆ ಇಳಿಯುತ್ತಿತ್ತು. ಗುರುತು ಮುಟ್ಟುವ ಹೊತ್ತಿಗೆ ಮೂರು ನಿಮಿಷ ಹತ್ತು ಸೆಕೆಂಡು ಆಗಿತ್ತು. ಫಿಲ್ಟರ್ ಹೊಸದಾಗಿದ್ದಾಗ ಇದೇ ಜಗ್ ಇಪ್ಪತ್ತೈದು ಸೆಕೆಂಡಿನಲ್ಲಿ ತುಂಬುತ್ತಿತ್ತು. ಕಪಾಟಿನ ಬಾಗಿಲಿಗೆ ದಾರದಿಂದ ತೂಗುಹಾಕಿದ್ದ ನೋಟ್‌ಬುಕ್ಕಿನಲ್ಲಿ ‘೧೯೦’ ಎಂದು ಬರೆದೆ. ಪ್ರತಿ ಶನಿವಾರ ಹೀಗೆ ಅಳೆದು ಬರೆದಿಡುವುದು ಎರಡು ವರ್ಷದಿಂದ ನಾನು ಇಟ್ಟುಕೊಂಡ ಪದ್ಧತಿ.

ಅಮ್ಮ ಖಾಲಿ ಪಾತ್ರೆ ಹಿಡಿದು ನನ್ನ ಹಿಂದೆ ನಿಂತಿದ್ದಳು.

“ಬರೆದಾಯ್ತಾ? ನೀನು ಬರೆದಿದ್ದು ನೋಡಿ ನಲ್ಲಿ ಹೆದರ್ಕೊಂಡು ಜೋರಾಗಿ ಬಿಡುತ್ತೇನೋ ನೋಡೋಣ.”

“ಅಳತೆ ಇಲ್ಲದೆ ಏನು ಗೊತ್ತಾಗುತ್ತಮ್ಮ?”

“ನಂಗೆ ಅಳತೆ ಇಲ್ಲದೇನೇ ಗೊತ್ತಾಗಿದೆ. ಒಂದು ಪಾತ್ರೆ ತುಂಬೋದ್ರೊಳಗೆ ನನ್ನ ಸೊಂಟ ಹಿಡ್ಕೊಳ್ಳುತ್ತೆ. ಊರಿನ ನೀರನ್ನೆಲ್ಲಾ ಪರೀಕ್ಷೆ ಮಾಡೋಳ ಮನೇಲಿ ನಲ್ಲಿಗೆ ನೆಗಡಿ. ಆಫೀಸಲ್ಲಿ ಯಾರ ಹತ್ರಾನೂ ಹೇಳ್ಬೇಡ, ಕೆಲಸ ಹೋದೀತು.”

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 

“ಪ್ಲಂಬರ್‌ಗೆ ಫೋನ್ ಮಾಡು” ಎಂದಳು ಅಮ್ಮ.

“ಬೇಡ. ನಾನು ಮಾಡ್ತೀನಿ.”

ಮಾತು ಬಂದದ್ದು ಊಟದ ಮೇಜಿನ ಕಡೆಯಿಂದ. ಅಕ್ಕ ಅಲ್ಲಿ ಕೂತು ಬಲಗೈಯಲ್ಲಿ ಸ್ಪಂಜಿನ ಚೆಂಡು ಹಿಸುಕುತ್ತಿದ್ದಳು. ಬೆಳಗ್ಗೆ ಐವತ್ತು ಸಲ, ಸಂಜೆ ಐವತ್ತು ಸಲ. ವೈದ್ಯರು ಹೇಳಿಕೊಟ್ಟ ವ್ಯಾಯಾಮ. ಡಿಸೆಂಬರ್ ಮೊದಲ ವಾರದಲ್ಲಿ ಅವಳು ಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಒಳಗೆ ಲೋಹದ ಪಟ್ಟಿ ಇಟ್ಟು ಆರು ಸ್ಕ್ರೂ ಹಾಕಿದ್ದರು. ಮೂಳೆ ಕೂಡಿತ್ತು. ಆದರೆ ಹಿಡಿತ ಅಳೆಯುವ ಯಂತ್ರದಲ್ಲಿ ಎಡಗೈ ಇಪ್ಪತ್ತೆಂಟು ಕಿಲೋ ತೋರಿಸಿದರೆ ಬಲಗೈ ಹತ್ತೊಂಬತ್ತಕ್ಕೆ ನಿಲ್ಲುತ್ತಿತ್ತು. ತೋರುಬೆರಳಿನ ತುದಿಯಲ್ಲಿ ಸ್ಪರ್ಶ ಮಂದವಾಗಿತ್ತು. ಬಟ್ಟೆ ಸುತ್ತಿದ ಬೆರಳಿಂದ ಮುಟ್ಟಿದ ಹಾಗಾಗುತ್ತದೆ ಎಂದು ಅವಳು ಒಮ್ಮೆ ಹೇಳಿದ್ದಳು. ಮತ್ತೆ ಆ ಮಾತು ಎತ್ತಿರಲಿಲ್ಲ.

ಅಕ್ಕನ ಕೆಲಸ ಸೂಕ್ಷ್ಮದರ್ಶಕಗಳ ದುರಸ್ತಿ. ಕಾಲೇಜುಗಳಿಂದ, ಆಸ್ಪತ್ರೆಗಳಿಂದ ಬಂದ ಸೂಕ್ಷ್ಮದರ್ಶಕಗಳನ್ನು ಬಿಚ್ಚಿ, ಒಳಗಿನ ಮಸೂರಗಳನ್ನು ಒರೆಸಿ, ಎಳ್ಳಿನಷ್ಟು ಚಿಕ್ಕ ಸ್ಕ್ರೂಗಳನ್ನು ಮತ್ತೆ ಕೂರಿಸುವುದು. ಇಪ್ಪತ್ತೆರಡು ವರ್ಷ ಅದೇ ಬೆಂಚು, ಅದೇ ದೀಪ, ಅದೇ ಕಿಟಕಿ. ಮೂರು ತಿಂಗಳು ಅವಳ ಜಾಗವನ್ನು ಖಾಲಿ ಬಿಟ್ಟಿದ್ದ ವರ್ಕ್‌ಶಾಪಿನ ಮುಖ್ಯಸ್ಥರು ಗುರುವಾರ ಫೋನ್ ಮಾಡಿದ್ದರು. ಸೋಮವಾರ ಬೆಳಗ್ಗೆ ಎಂಟರೊಳಗೆ ಒಂದು ಮಾತು ಹೇಳಿಬಿಡಿ ಎಂದಿದ್ದರು: ಮತ್ತೆ ಬೆಂಚಿಗೆ ಬರುತ್ತೀರೋ, ಇಲ್ಲ ಸ್ಟೋರ್ ರೂಮಿನಲ್ಲಿ ಸಾಮಾನು ಕೊಡುವ, ತಗೊಳ್ಳುವ ಕೆಲಸ ನೋಡಿಕೊಳ್ಳುತ್ತೀರೋ. ಸಂಬಳ ಎರಡಕ್ಕೂ ಒಂದೇ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೂ ಅಕ್ಕ ಎರಡು ದಿನದಿಂದ ಅನ್ನದ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು.

“ನೀನು ಮಾಡ್ತೀಯಾ?” ಎಂದಳು ಅಮ್ಮ. “ಮೊನ್ನೆ ಉಪ್ಪಿನ ಡಬ್ಬಿ ಮುಚ್ಚಳ ತೆಗೆಯೋಕೆ ಆಗದೆ ನನ್ನ ಕೈಗೆ ಕೊಟ್ಟೆ.”

“ಅದಕ್ಕೇ ಮಾಡ್ತೀನಿ ಅಂದಿದ್ದು.” ಅಕ್ಕ ಸ್ಪಂಜಿನ ಚೆಂಡನ್ನು ಮೇಜಿನ ಮೇಲಿಟ್ಟಳು. “ಕೇಳಿ ಇಬ್ರೂ. ಸಿಂಕಿನ ಕೆಳಗಿನ ಫಿಲ್ಟರಿನ ಎರಡು ಡಬ್ಬಿ ಬಲಗೈಯಲ್ಲೇ ಬಿಚ್ತೀನಿ, ಬಲಗೈಯಲ್ಲೇ ಮುಚ್ತೀನಿ. ಒಂದು ಹನಿಯೂ ಸೋರದೇ ಇದ್ರೆ ಸೋಮವಾರ ಬೆಂಚಿಗೆ ಬರ್ತೀನಿ ಅಂತ ಹೇಳ್ತೀನಿ. ಸೋರಿದ್ರೆ ಸ್ಟೋರು. ಮಧ್ಯ ಯಾರೂ ಕೈ ಹಾಕೋ ಹಾಗಿಲ್ಲ.”

“ಡಬ್ಬಿ ಎಲ್ಲಿ, ಮೈಕ್ರೋಸ್ಕೋಪ್ ಎಲ್ಲಿ” ಎಂದೆ ನಾನು. “ಅದರ ಫಲಿತಾಂಶ ಇದಕ್ಕೆ ಹೇಗೆ ಅನ್ವಯ ಆಗುತ್ತೆ?”

“ನೋಡು, ಬಂತು ಪ್ರಬಂಧ.” ಅಕ್ಕ ನಕ್ಕಳು. “ಮೈಕ್ರೋಸ್ಕೋಪಿಗೆ ಬಲ ಬೇಡ ಕಣೆ. ಎಷ್ಟು ತಿರುಗಿಸಿದ್ರೆ ಸಾಕು ಅನ್ನೋದು ಕೈಗೆ ಗೊತ್ತಾಗಬೇಕು. ಇಲ್ಲೂ ಅಷ್ಟೇ. ಜಾಸ್ತಿಯಾದ್ರೆ ಪ್ಲಾಸ್ಟಿಕ್ ಬಿರುಕು ಬಿಡುತ್ತೆ, ಕಮ್ಮಿಯಾದ್ರೆ ಸೋರುತ್ತೆ. ನೀನು ಅಂಗಡಿಗೆ ಹೋಗಿ ಫಿಲ್ಟರಿಗೆ ಹಾಕೋ ಹೊಸ ಕ್ಯಾಂಡಲ್ ತಗೊಂಡು ಬಾ.”

ನಮ್ಮ ಫಿಲ್ಟರ್ ಸರಳವಾದದ್ದು. ಗೋಡೆಯ ವಾಲ್ವಿನಿಂದ ಒಂದು ಮೆದು ಕೊಳವೆ ಬಂದು ದೊಡ್ಡದೊಂದು ನಟ್ಟಿನ ಮೂಲಕ ಮೊದಲ ಡಬ್ಬಿಗೆ ಸೇರುತ್ತದೆ. ಅದರೊಳಗೆ ನೂಲು ಸುತ್ತಿದ ಕ್ಯಾಂಡಲ್. ಮಣ್ಣು, ಮರಳು, ತುಕ್ಕನ್ನು ಅದು ಹಿಡಿಯಬೇಕು. ಅಲ್ಲಿಂದ ನೀರು ಎರಡನೇ ಡಬ್ಬಿಗೆ ಹೋಗಿ, ಇದ್ದಿಲಿನ ಕ್ಯಾಂಡಲ್ ದಾಟಿ, ಮೇಲಿನ ನಲ್ಲಿಗೆ ಏರುತ್ತದೆ. ಡಬ್ಬಿಗಳು ಮೇಲಿನ ಮುಚ್ಚಳಕ್ಕೆ ಕೆಳಗಿನಿಂದ ತಿರುಚಿ ಕೂರುತ್ತವೆ; ನಡುವೆ ಒಂದು ರಬ್ಬರ್ ಉಂಗುರ. ನೀರು ಸೋರದಂತೆ ತಡೆಯುವುದು ಆ ಉಂಗುರವೇ.

ಅಂಗಡಿಯವರು ಎರಡೂ ಕ್ಯಾಂಡಲ್ ಕಟ್ಟಿಕೊಡುತ್ತಾ, “ಹಾಕೋಕೆ ಜನ ಕಳಿಸ್ಲಾ ಮೇಡಂ?” ಎಂದರು.

“ಬೇಡ, ನಮ್ಮಕ್ಕ ಹಾಕ್ತಾಳೆ.”

“ಹಾಗಾದ್ರೆ ಸರಿ. ರಬ್ಬರ್ ಉಂಗುರಕ್ಕೆ ಒಂಚೂರು ಗ್ರೀಸ್ ಹಚ್ಚೋದು ಮರೀಬೇಡಿ ಅಂತ ಹೇಳಿ.”

ಮನೆಗೆ ಬಂದು ಅದನ್ನು ಹೇಳಿದ್ದೇ ತಪ್ಪಾಯಿತು. “ಇಪ್ಪತ್ತೆರಡು ವರ್ಷ ಗ್ರೀಸಲ್ಲೇ ಕೈ ಅದ್ದಿದೀನಿ” ಎಂದು ಅಕ್ಕ ಚೀಲವನ್ನು ಕಿತ್ತುಕೊಂಡಳು.

ಹನ್ನೊಂದು ಗಂಟೆಗೆ ಕೆಲಸ ಶುರುವಾಯಿತು. ಕಪಾಟಿನಲ್ಲಿದ್ದ ಸೋಪಿನ ಬಾಟಲಿ, ಒರೆಸುವ ಬಟ್ಟೆ, ಹಳೆಯ ಬಕೆಟ್ ಎಲ್ಲ ಹೊರಗೆ ಬಂದವು. ಅಕ್ಕ ನೆಲಕ್ಕೆ ಚಾಪೆ ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಹರಡಿ, ಮಣಿಕಟ್ಟಿಗೆ ಆಧಾರವಾಗಿ ಕಟ್ಟಿದ್ದ ಪಟ್ಟಿ ಕಳಚಿ ಕೂತಳು. ನಾನು ಗೋಡೆಯ ವಾಲ್ವ್ ಮುಚ್ಚಿದೆ. ಅವಳು ಡಬ್ಬಿಯ ಸುತ್ತ ಬಳೆಯಂಥ ಪ್ಲಾಸ್ಟಿಕ್ ಪಾನಾ ತೊಡಿಸಿ ಬಲಗೈಯಲ್ಲಿ ಎಳೆದಳು. ಡಬ್ಬಿ ಕದಲಲಿಲ್ಲ. ಮತ್ತೆ ಎಳೆದಳು. ಮಣಿಕಟ್ಟಿನ ಮೇಲಿನ ಗೆರೆಯಂಥ ಗಾಯದ ಗುರುತು ಬೆಳ್ಳಗಾಯಿತು. ನನ್ನ ಕೈ ನನಗೆ ಗೊತ್ತಿಲ್ಲದೆ ಮುಂದೆ ಹೋಯಿತು.

“ಕೈ ಹಿಂದೆ ಕಟ್ಕೊಂಡು ನಿಂತ್ಕೊ” ಎಂದಳು ಅಕ್ಕ, ತಿರುಗಿ ನೋಡದೆ.

ಪಾನಾ ಕೆಳಗಿಟ್ಟು, ಮೆಲ್ಲಗೆ ಕೇಳಿದಳು: “ವಾಲ್ವ್ ಮುಚ್ಚಿದ್ಮೇಲೆ ಮೇಲಿನ ನಲ್ಲಿ ತೆಗೆದ್ಯಾ?”

ತೆಗೆದಿರಲಿಲ್ಲ. ಒಳಗಿನ ನೀರು ಇನ್ನೂ ಒತ್ತಡದಲ್ಲೇ ಇತ್ತು. ಆ ಒತ್ತಡ ಡಬ್ಬಿಯನ್ನು ಬಿಗಿಯಾಗಿ ಹಿಡಿದಿತ್ತು. ಇದು ಹೈಸ್ಕೂಲಿನ ಪಾಠ. ನಾನು ನಲ್ಲಿ ತಿರುಗಿಸಿದೆ. ಅದು ಒಂದಷ್ಟು ಹೊತ್ತು ಸಣ್ಣಗೆ ಉಗುಳಿ ನಿಂತಿತು. ಈ ಸಲ ಅಕ್ಕ ಪಾನಾ ಎಳೆದಾಗ ಡಬ್ಬಿ ಕಿರ್ ಎಂದು ತಿರುಗಿತು.

“ನಂಗೆ ಬಲ ಇಲ್ಲ ಅಂದ್ಕೊಂಡ್ಯಲ್ಲ” ಎಂದಳು ಅವಳು.

“ನಾನೇನೂ ಅಂದ್ಕೊಳ್ಳಲಿಲ್ಲ.”

“ಬಾಯಲ್ಲಿ ಅನ್ನಲಿಲ್ಲ.”

ಹಳೆಯ ನೂಲಿನ ಕ್ಯಾಂಡಲ್ ಹೊರಗೆ ಬಂತು. ಅದನ್ನು ಬಟ್ಟೆಯ ಮೇಲಿಟ್ಟು ಅಕ್ಕ ಹುಬ್ಬು ಗಂಟಿಕ್ಕಿದಳು. ನಾಲ್ಕು ತಿಂಗಳು ಬಳಸಿದ ಕ್ಯಾಂಡಲ್ ಸಾಮಾನ್ಯವಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಇದು ಹಾಲಿಗೆ ಎರಡು ತೊಟ್ಟು ಚಹಾ ಬಿದ್ದಂತಿತ್ತು, ಅಷ್ಟೇ.

“ಇದಕ್ಕೆ ಕೊಳೆಯೇ ಹಿಡಿದಿಲ್ಲವಲ್ಲ.”

“ಕಣ್ಣಿಗೆ ಕಾಣದ ಕಣಗಳು ಇರ್ತವೆ” ಎಂದೆ. “ಐದು ಮೈಕ್ರಾನ್‌ಗಿಂತ ಸಣ್ಣವು ನೂಲಿನ ಒಳಪದರದಲ್ಲಿ ಸಿಕ್ಕಿಹಾಕ್ಕೊಂಡ್ರೆ ಹೊರಗಿನಿಂದ ಬಣ್ಣ ಗೊತ್ತಾಗಲ್ಲ.”

ನನ್ನ ವೃತ್ತಿಯ ದನಿಯಲ್ಲೇ ಹೇಳಿದ್ದೆ. ಅಕ್ಕ ನನ್ನನ್ನೊಮ್ಮೆ, ಕ್ಯಾಂಡಲನ್ನೊಮ್ಮೆ ನೋಡಿ, “ಇರಬಹುದು” ಎಂದಳು.

ಮುಂದಿನ ಒಂದು ಗಂಟೆ ನಿಧಾನವಾಗಿ ಕಳೆಯಿತು. ಡಬ್ಬಿಗಳನ್ನು ತೊಳೆದಳು. ಉಂಗುರಗಳನ್ನು ತೆಗೆದು ಒರೆಸಿ, ಬೇಳೆಕಾಳಿನಷ್ಟು ಗ್ರೀಸ್ ಹಚ್ಚಿ, ಮತ್ತೆ ಡಬ್ಬಿಯ ಅಂಚಿನ ಕಚ್ಚಿನಲ್ಲಿ ಕೂರಿಸಿ, ಬಲಗೈ ತೋರುಬೆರಳನ್ನು ಸುತ್ತಲೂ ಒಮ್ಮೆ ಆಡಿಸಿ ನೋಡಿದಳು. ಹೊಸ ಕ್ಯಾಂಡಲ್‌ಗಳನ್ನಿಟ್ಟು ಡಬ್ಬಿಗಳನ್ನು ಬಲಗೈಯಿಂದಲೇ ತಿರುಗಿಸಿದಳು. ಕೊನೆಯ ಕಾಲು ಸುತ್ತು ಪಾನಾದಿಂದ. ಎರಡನೇ ಡಬ್ಬಿ ಮುಗಿಯುವ ಹೊತ್ತಿಗೆ ಅವಳ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. “ವಾಲ್ವ್ ತೆಗಿ” ಎಂದಳು.

ತೆಗೆದೆ. ಅಮ್ಮನೂ ಬಗ್ಗಿ ನೋಡಿದಳು. ಮೂವರ ತಲೆಗಳೂ ಕಪಾಟಿನೊಳಗೆ ಹೊಕ್ಕಿದ್ದವು. ಇಪ್ಪತ್ತು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಮೊದಲ ಡಬ್ಬಿಯ ಅಂಚಿನಲ್ಲಿ ಒಂದು ಹನಿ ಕಟ್ಟಿಕೊಂಡು, ದಪ್ಪವಾಗಿ, ಬಿಳಿ ಬಟ್ಟೆಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ನಾನು ಅಭ್ಯಾಸಬಲದಿಂದ ಎಣಿಸಿದೆ: ನಿಮಿಷಕ್ಕೆ ಹನ್ನೆರಡು.

 ಅಕ್ಕ ಎದ್ದು ಜಗ್ ತಗೊಂಡು ಮೇಲಿನ ನಲ್ಲಿಯ ಕೆಳಗೆ ಹಿಡಿದಳು. ನಾನು ಗಡಿಯಾರ ನೋಡಿದೆ. ನೂರ ಎಂಬತ್ತಾರು ಸೆಕೆಂಡು. ಕ್ಯಾಂಡಲ್ ಎರಡೂ ಹೊಸವು. ನೀರು ಮಾತ್ರ ಹಳೆಯ ಹಾಗೆಯೇ ಬರುತ್ತಿತ್ತು.

“ಸರಿ” ಎಂದು ಅಕ್ಕ ವಾಲ್ವ್ ಮುಚ್ಚಿ, ಕೈ ಒರೆಸಿಕೊಂಡು, ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಕಿಟಕಿ ನೋಡುತ್ತಿದ್ದಳು.

“ನಿಂದೇ ತಪ್ಪು” ಎಂದಳು ಅಮ್ಮ ನನಗೆ, ಕೆಳದನಿಯಲ್ಲಿ.

“ನಾನೇನ್ ಮಾಡ್ದೆ?”

“ಗೊತ್ತಿಲ್ಲ. ಆದ್ರೂ ನಿಂದೇ. ಅವಳು ಈ ಆಟ ಹೂಡ್ತೀನಿ ಅಂದಾಗ ಬೇಡ ಅನ್ನಬೇಕಿತ್ತು. ಇಬ್ರಿಗೂ ಚಿಕ್ಕಂದಿನಿಂದ ಇದೇ ಹುಚ್ಚು. ಅವಳು ಪಂದ್ಯ ಕಟ್ಟೋದು, ನೀನು ಅದನ್ನ ಬರೆದಿಡೋದು.”

ಆ ದಿನ ಬಾಟಲಿಯ ನೀರು ತಂದೆವು. ಸಂಜೆ ಸ್ಪಂಜಿನ ಚೆಂಡು ಮೇಜಿನ ಮೇಲೆಯೇ ಇತ್ತು. ಅಕ್ಕ ಅದನ್ನು ಮುಟ್ಟಲಿಲ್ಲ. ಊಟಕ್ಕೆ ಕೂತಾಗ ಅಮ್ಮ ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಇಟ್ಟಳು. ಅಕ್ಕ ಅದನ್ನು ನನ್ನ ಕಡೆ ತಳ್ಳಿದಳು. ನಾನು ಅಮ್ಮನ ಕಡೆ ತಳ್ಳಿದೆ. ಕೊನೆಗೆ ಉಪ್ಪು ಕಮ್ಮಿಯಾಗಿದ್ದ ಸಾರನ್ನು ಮೂವರೂ ಹಾಗೆಯೇ ಉಂಡೆವು.

ಭಾನುವಾರ ಬೆಳಗ್ಗೆ ನಾನು ಎದ್ದಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಎದುರಿಗೆ ನಿನ್ನೆ ತೆಗೆದ ಹಳೆಯ ನೂಲಿನ ಕ್ಯಾಂಡಲ್. ಅದನ್ನು ಉದ್ದಕ್ಕೆ ಸೀಳಿದ್ದಳು. ಒಳಪದರವೂ ಬೆಳ್ಳಗೇ ಇತ್ತು.

“ನಿನ್ನ ಐದು ಮೈಕ್ರಾನು ಎಲ್ಲಿ?” ಎಂದಳು.

ನಾನು ಬಗ್ಗಿ ನೋಡಿದೆ. 

“ನಾಲ್ಕು ತಿಂಗಳು ನೀರು ಕುಡಿದಿದೀವಿ” ಎಂದಳು ಅಕ್ಕ. “ರಸ್ತೆ ಅಗೆದು ಪೈಪ್ ಹಾಕಿದಾಗ ಬಚ್ಚಲ ನಲ್ಲೀಲಿ ಮರಳೇ ಬಂತು, ನೆನಪಿದ್ಯಾ? ಆ ಮರಳು ಈ ಕ್ಯಾಂಡಲಲ್ಲಿ ಇಲ್ಲ. ಕುಡಿಯೋ ನೀರಲ್ಲೂ ಬಂದಿಲ್ಲ. ಮತ್ತೆಲ್ಲಿ ಹೋಯ್ತು? ಆವಿಯಾಗಿ ಹೋಯ್ತಾ?”

“ಕ್ಯಾಂಡಲ್‌ಗಿಂತ ಮುಂಚೆ ಎಲ್ಲೋ ನಿಂತಿರಬೇಕು.”

“ಹೂಂ. ಈಗ ವಿಜ್ಞಾನಿ ಥರ ಮಾತಾಡಿದೆ. ಬಕೆಟ್ ಹಿಡಿ.”

ಹಿಂದಿನಿಂದ ಮುಂದಕ್ಕೆ ಬಂದೆವು. ಮೊದಲು ಎರಡನೇ ಡಬ್ಬಿಯಿಂದ ನಲ್ಲಿಗೆ ಹೋಗುವ ಕೊಳವೆ ಕಳಚಿ ಬಕೆಟ್ಟಿಗೆ ಬಿಟ್ಟೆವು. ನೀರು ಸಣ್ಣಗೇ ಬಂತು. ಅಂದರೆ ದೋಷ ನಲ್ಲಿಯದಲ್ಲ. ಎರಡು ಡಬ್ಬಿಗಳ ನಡುವಿನ ಕೊಳವೆ ಕಳಚಿದೆವು. ಆಗಲೂ ಸಣ್ಣಗೆ. ಇದ್ದಿಲೂ ನಿರಪರಾಧಿ. ಉಳಿದದ್ದು ಗೋಡೆಯ ವಾಲ್ವು, ಮೆದು ಕೊಳವೆ, ಮೊದಲ ಡಬ್ಬಿಗೆ ಸೇರುವ ದೊಡ್ಡ ನಟ್ಟು. ಅಮ್ಮ ಮೇಜಿನ ಹತ್ತಿರ ತರಕಾರಿ ಹೆಚ್ಚುತ್ತಾ, “ಗೋಡೆ ಒಡೆಯೋದಾದ್ರೆ ಮೊದಲೇ ಹೇಳಿ, ಪಾತ್ರೆ ಮುಚ್ಚಿಡ್ತೀನಿ” ಎಂದಳು.

ಅಕ್ಕ ವಾಲ್ವ್ ಮುಚ್ಚಿಸಿ ನಟ್ಟನ್ನು ಬಿಚ್ಚಿದಳು. ಕೊಳವೆಯ ತುದಿಯನ್ನು ಬಕೆಟ್ಟಿಗೆ ಹಿಡಿದು, ಒಂದೇ ಕ್ಷಣ ವಾಲ್ವ್ ತೆಗೆಯುವಂತೆ ಹೇಳಿದಳು. ನೀರು ಬಕೆಟ್ಟಿನ ತಳಕ್ಕೆ ಬಡಿದು ನನ್ನ ಮುಖಕ್ಕೆ ಹಾರಿತು. ಗೋಡೆಯ ಕಡೆ ಯಾವ ತಡೆಯೂ ಇರಲಿಲ್ಲ.

“ಹಾಗಾದ್ರೆ ಇಲ್ಲೇ” ಎಂದು ಅವಳು ಡಬ್ಬಿಯ ಬಾಯಿಗೆ ಬಲಗೈ ತೋರುಬೆರಳು ಹಾಕಿದಳು. ಒಂದು ಕ್ಷಣ ನಿಂತು, ಬೆರಳು ತೆಗೆದು, ಎಡಗೈಯದನ್ನು ಹಾಕಿದಳು. “ಏನೋ ಇದೆ. ತಂತಿ ಥರ.”

ಚಿಮುಟದಿಂದ ಅದನ್ನು ಎಬ್ಬಿಸಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಚಿಕ್ಕ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ. ಒಂದು ಬದಿಗೆ ಕಂದು ಮಣ್ಣು ದಪ್ಪಗೆ ಮೆತ್ತಿತ್ತು. ಇನ್ನೊಂದು ಬದಿಯಲ್ಲಿ ನುಣ್ಣನೆಯ ಸ್ಟೀಲ್ ಜಾಲರಿ ಹೊಳೆಯುತ್ತಿತ್ತು.

“ಕಂಪನಿಯವರೇ ಇಟ್ಟಿರ್ತಾರೆ” ಎಂದಳು ಅಮ್ಮ.

“ಕಂಪನಿಯವರು ಇಷ್ಟು ವಕ್ರವಾಗಿ ಕತ್ತರಿಸಲ್ಲ” ಎಂದಳು ಅಕ್ಕ. “ನೋಡು ಅಂಚು. ಯಾರೋ ಕತ್ತರೀಲಿ ಕತ್ತರಿಸಿದಾರೆ. ದುಂಡಗಿರೋ ಬದಲು ಹನ್ನೊಂದು ಮೂಲೆ ಇದೆ.”

ಆ ಹನ್ನೊಂದು ಮೂಲೆಗಳು ನನ್ನವೇ ಎಂದು ನನಗೆ ಆಗಲೇ ಗೊತ್ತಾಗಿತ್ತು.  ಕಪಾಟಿನ ಬಾಗಿಲಿನ ನೋಟ್‌ಬುಕ್ ತಿರುವಿದೆ. ೨೦೧೮ರ ನವೆಂಬರ್ ೨೪ರ ಪುಟದ ಅಂಚಿನಲ್ಲಿ ನನ್ನದೇ ಸಣ್ಣ ಅಕ್ಷರಗಳಿದ್ದವು: ‘ನೀರಿನಲ್ಲಿ ಮರಳು. ಒಳಬರುವ ನಟ್ಟಿನಲ್ಲಿ ೪೫ ಮೈಕ್ರಾನ್ ಜಾಲರಿ ಇಟ್ಟಿದೆ. ಎರಡು ವಾರದ ನಂತರ ತೆಗೆಯುವುದು.’

“ನಾನೇ” ಎಂದೆ.

“ಏನು ನೀನೇ?”

“ನಾನೇ ಇಟ್ಟಿದ್ದು. ಪೈಪ್ ಕೆಲಸ ಆಗೋವಾಗ ಕ್ಯಾಂಡಲ್ ಬೇಗ ಹಾಳಾಗುತ್ತೆ ಅಂತ. ಲ್ಯಾಬಲ್ಲಿ ಜರಡಿ ಹರಿದಿತ್ತು, ಆ ಜಾಲರೀಲಿ ಒಂದು ತುಂಡು.”

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. ಅಕ್ಕ ನೋಟ್‌ಬುಕ್ ತಗೊಂಡು ಓದಿದಳು. ನವೆಂಬರ್ ೨೪: ೨೬. ಡಿಸೆಂಬರ್ ೧: ೩೧. ಅಲ್ಲಿಂದ ಮೂರು ಶನಿವಾರ ಖಾಲಿ. ಆಮೇಲೆ ೪೮, ೫೫, ೬೩, ೭೮, ೯೬. ಹೀಗೆ ಏರುತ್ತಾ ನಿನ್ನೆಯ ೧೯೦ಕ್ಕೆ. ಅಷ್ಟೂ ಅಂಕಿಗಳನ್ನು ನಾನು ನೀಟಾಗಿ ಬರೆದಿದ್ದೆ. ಹಿಂದಿನ ಪುಟ ಮಾತ್ರ ಒಮ್ಮೆಯೂ ತಿರುವಿರಲಿಲ್ಲ.

“ಫಿಲ್ಟರಿಗೇ ಫಿಲ್ಟರ್ ಹಾಕಿದೀಯ” ಎಂದಳು ಅಕ್ಕ. ಅವಳ ಭುಜ ಅಲುಗತೊಡಗಿತು. ಗೋಡೆಗೆ ಒರಗಿ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

“ನಾನು ನಿನ್ನೇನೇ ಹೇಳಲಿಲ್ವಾ, ತಪ್ಪು ಇವಳದೇ ಅಂತ?” ಎಂದಳು ಅಮ್ಮ. “ನನ್ನ ಅಳತೆಗೆ ಜಗ್ ಬೇಕಾಗಲ್ಲ.”

“ಎರಡು ವಾರಕ್ಕೆ ತೆಗೀಬೇಕಿತ್ತಲ್ಲ, ಯಾಕೆ ಬಿಟ್ಟೆ?” ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು. ಆಮೇಲೆ ಖಾಲಿ ಬಿದ್ದ ಮೂರು ಸಾಲುಗಳನ್ನು ಮತ್ತೊಮ್ಮೆ ನೋಡಿದಳು. ಅವಳು ಬಿದ್ದದ್ದು ಡಿಸೆಂಬರ್ ಐದರಂದು. ಆ ಮೂರು ಶನಿವಾರ ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ.  ಅಕ್ಕ ನೋಟ್‌ಬುಕ್ ಮುಚ್ಚಿ ಅದರ ಜಾಗಕ್ಕೆ ತೂಗುಹಾಕಿದಳು.

“ಅದಿರಲಿ” ಎಂದಳು. “ನೀರು ನಿಧಾನ ಬರ್ತಿದ್ದುದು ನಿನ್ನ ಲೆಕ್ಕಕ್ಕೆ. ಆ ಹನಿ ಮಾತ್ರ ನನ್ನ ಲೆಕ್ಕಕ್ಕೇ. ಅದನ್ನ ನೋಡೋಣ.”

ಮೊದಲ ಡಬ್ಬಿಯನ್ನು ಮತ್ತೆ ಬಿಚ್ಚಿದಳು. ಉಂಗುರವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಗ್ರೀಸಿಗೆ ಅಂಟಿಕೊಂಡು, ಉಂಗುರದ ಮೇಲೆ ಅಡ್ಡಲಾಗಿ, ಕ್ಯಾಂಡಲಿನಿಂದ ಬಿಚ್ಚಿಬಂದ ಒಂದು ನೂಲಿನ ಎಳೆ ಮಲಗಿತ್ತು. ಅದು ಮಾಡಿದ ಸಂದಿನಲ್ಲೇ ನೀರು ಬಂದಿತ್ತು.

“ನೋಡು, ನಿನ್ನ ಕೈಯದಲ್ಲ ತಪ್ಪು, ನೂಲಿಂದು” ಎಂದೆ ನಾನು, ತುಸು ಅವಸರದಲ್ಲೇ.

“ಸಮಾಧಾನ ಮಾಡೋಕೆ ಬರಬೇಡ.” ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನೆ ಈ ಬೆರಳಲ್ಲಿ ಸುತ್ತಲೂ ಮುಟ್ಟಿ ನೋಡಿದ್ದೆ. ಮೊದಲಾಗಿದ್ರೆ ಕೂದಲಿನ ಕಾಲು ಭಾಗ ಇದ್ರೂ ಗೊತ್ತಾಗ್ತಿತ್ತು. ನಿನ್ನೆ ಗೊತ್ತಾಗಲಿಲ್ಲ. ಅಷ್ಟೇ ವಿಷಯ.”

ಅವಳು ಬಹಳ ಹೊತ್ತು ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತಿದ್ದಳು. ಆಮೇಲೆ ಉಂಗುರವನ್ನು ಎಡಗೈಗೆ ಬದಲಿಸಿಕೊಂಡು, ಕಣ್ಣು ಮುಚ್ಚಿ, ಎಡಗೈಯ ತೋರುಬೆರಳನ್ನು ಅದರ ಮೇಲೆ ನಿಧಾನವಾಗಿ ಒಂದು ಸುತ್ತು ಆಡಿಸಿದಳು. ಒಂದು ಕಡೆ ನಿಂತಳು. ಕಣ್ಣು ತೆರೆದು, ಅಲ್ಲಿದ್ದ ಮರಳಿನ ಒಂದೇ ಒಂದು ಕಣವನ್ನು ಉಗುರಿನಿಂದ ತೆಗೆದಳು.

“ಇದಕ್ಕೆ ಗೊತ್ತಾಗುತ್ತೆ” ಎಂದಳು. “ಮುಟ್ಟೋ ಕೆಲಸ ಇನ್ಮೇಲೆ ಇದು ಮಾಡಲಿ. ತಿರುಗಿಸೋದು ಅದು ಮಾಡಲಿ. ಮನೇಲಿ ನಾವು ಮೂರು ಜನ ಮಾಡ್ಕೊಂಡು ಹೋಗಲ್ವಾ?”

“ನಾವೆಲ್ಲಿ ಮಾಡ್ಕೊಂಡು ಹೋಗ್ತೀವಿ?” ಎಂದಳು ಅಮ್ಮ. “ಜಗಳ ಆಡ್ಕೊಂಡು ಹೋಗ್ತೀವಿ.”

ಈ ಸಲ ಎಡಗೈ ಮುಟ್ಟಿ ನೋಡಿತು, ಬಲಗೈ ತಿರುಗಿಸಿತು. ಎರಡನೆಯದನ್ನೂ ಬಿಚ್ಚಿ, ಎರಡೂ ಡಬ್ಬಿಗಳನ್ನು ಅವಳು ಹೀಗೆಯೇ ಮುಚ್ಚಿದಳು. ಪಾನಾದ ಕೊನೆಯ ಕಾಲು ಸುತ್ತಿನಲ್ಲಿ ಮುಖ ಕಿವುಚಿದಳು, ಆದರೆ ನಡುವೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಎಲ್ಲಿ ನಿಲ್ಲಿಸಬೇಕೋ ಅಲ್ಲಿ. ಕಳಚಿದ್ದ ಕೊಳವೆಗಳನ್ನೂ ಮತ್ತೆ ಸೇರಿಸಿದ ಮೇಲೆ ಒಳಬರುವ ದೊಡ್ಡ ನಟ್ಟು ಉಳಿದಿತ್ತು. ನಟ್ಟಿನ ಪಾನಾವನ್ನು ನನ್ನ ಕಡೆ ಚಾಚಿದಳು.

“ಇದನ್ನ ನೀನೇ ಹಾಕು. ಬಿಲ್ಲೆ ಇಟ್ಟ ಕೈಯೇ ಮುಚ್ಚಲಿ.”

ಬಿಳಿ ಟೇಪನ್ನು ಐದು ಸುತ್ತು ಸುತ್ತಿ, ವಾಷರ್ ಇಟ್ಟು, ನಟ್ಟನ್ನು ನನ್ನ ಎರಡೂ ಕೈಯ ಬಲ ಹಾಕಿ ಬಿಗಿದೆ. ನನ್ನ ಎರಡು ಕೈಗೂ ಏನೂ ಆಗಿರಲಿಲ್ಲ.

ವಾಲ್ವ್ ತೆಗೆದು ಅಳೆದಾಗ ಒಂದು ಲೀಟರಿಗೆ ಇಪ್ಪತ್ತನಾಲ್ಕು ಸೆಕೆಂಡು ಹಿಡಿಯಿತು. ಅಮ್ಮ ಒಂದರ ಹಿಂದೆ ಒಂದು ಮೂರು ಪಾತ್ರೆ ತುಂಬಿಸಿಕೊಂಡಳು, ಯಾವುದಕ್ಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹತ್ತು ನಿಮಿಷ ನೋಡಿದರೂ ಎಲ್ಲಿಯೂ ಹನಿ ಕಾಣಿಸಲಿಲ್ಲ. ಆದರೆ ಅಕ್ಕ ಒಪ್ಪಲಿಲ್ಲ.

“ಹತ್ತು ನಿಮಿಷ ಯಾವುದಕ್ಕೆ ಸಾಕು? ಕಣ್ಣಿಗೆ ಕಾಣದಷ್ಟು ಒಸರಿದ್ರೂ ಸೋರಿದ ಹಾಗೇ. ಬೆಳಗ್ಗೆವರೆಗೂ ಬಿಡೋಣ, ಪಂದ್ಯ ಆಗಲೇ ತೀರ್ಮಾನ ಆಗಲಿ. ನೀನು ಅಳೀತೀಯಲ್ಲ, ಅಳಿ. ಈ ಸಲ ಒಂದು ಪ್ರಯೋಜನಕ್ಕಾದ್ರೂ ಬರಲಿ.”

ಹೇಗೆ ಅಳೆಯುವುದೆಂದು ನಾನು ಯೋಚಿಸಿದೆ. ನನ್ನಲ್ಲಿ ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ತೂಕದ ಯಂತ್ರವಿದೆ. ಒಂದೇ ಸುರುಳಿಯಿಂದ ಒರೆಸುವ ಕಾಗದದ ತುಂಡುಗಳನ್ನು ಹರಿದು, ಅಂಚು ಕತ್ತರಿಸುತ್ತಾ ಬಂದು, ಮೂರನ್ನು ಸರಿಸಮ ಮಾಡಿದೆ: ಒಂದೊಂದೂ ೩.೨ ಗ್ರಾಂ. ಒಂದನ್ನು ಮಡಿಸಿ ಅಕ್ಕ ಮುಚ್ಚಿದ ಎರಡು ಡಬ್ಬಿಗಳ ಕೆಳಗೆ, ಎರಡಕ್ಕೂ ಸೇರುವಂತೆ ಇಟ್ಟೆ. ಎರಡನೆಯದನ್ನು ನಾನು ಬಿಗಿದ ನಟ್ಟಿನ ಕೆಳಗೆ ಇಟ್ಟೆ. ಮೂರನೆಯದನ್ನು ಅದೇ ಕಪಾಟಿನ ಮೂಲೆಯಲ್ಲಿ, ಯಾವ ಜೋಡಣೆಯಿಂದಲೂ ಹನಿ ಬೀಳದ ಕಡೆ ಇಟ್ಟೆ.

“ಅಲ್ಲಿ ಯಾಕೆ?” ಎಂದಳು ಅಮ್ಮ. “ಅಲ್ಲಿ ಸೋರೋದಕ್ಕೆ ಏನಿದೆ?”

“ಅದು ಸಾಕ್ಷಿ. ಸಿಂಕಿನ ಕೆಳಗೆ ಗಾಳಿಯಲ್ಲೇ ತೇವ ಇರುತ್ತಮ್ಮ. ಕಾಗದ ಅದನ್ನ ಹೀರಿಕೊಂಡು ತಾನಾಗೇ ಒಂಚೂರು ತೂಕ ಏರುತ್ತೆ. ಆ ಮೂಲೆಯದು ಎಷ್ಟು ಏರುತ್ತೋ ಅಷ್ಟೇ ಇವೂ ಏರಿದ್ರೆ ಸೋರಿಲ್ಲ ಅಂತ ಅರ್ಥ. ಅದಕ್ಕಿಂತ ಜಾಸ್ತಿಯಾದ್ರೆ ಸೋರಿದೆ.”

“ಒಂದು ಹನಿಗೆ ಕೋರ್ಟು, ಸಾಕ್ಷಿ ಎಲ್ಲಾ” ಎಂದಳು ಅಮ್ಮ. ಆದರೂ ಕಪಾಟಿನ ಬಾಗಿಲನ್ನು ಅವಳೇ ಸದ್ದಾಗದಂತೆ ಮುಚ್ಚಿದಳು. ಆಗ ಸಂಜೆ ಆರೂವರೆ. ಆ ಹೊತ್ತಿನಿಂದ ಪಾತ್ರೆ ತೊಳೆಯುವಾಗಲೂ ಅವಳು ಸಿಂಕಿನಿಂದ ಒಂದು ಮಾರು ದೂರ ನಿಂತು ಕೈ ಚಾಚುತ್ತಿದ್ದಳು.

ಸೋಮವಾರ ಬೆಳಗ್ಗೆ ಏಳೂವರೆ. ಅಕ್ಕ ಕೆಲಸಕ್ಕೆ ಹೋಗುವ ಬಟ್ಟೆ ಹಾಕಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದಳು. ಬೆಂಚಿಗಾದರೂ ಸ್ಟೋರಿಗಾದರೂ ಅದೇ ಬಟ್ಟೆ. ಮೂರು ತಿಂಗಳಲ್ಲಿ ಮೊದಲ ಸಲ ಜಡೆಯನ್ನು ತಾನೇ ಹೆಣೆದುಕೊಂಡಿದ್ದಳು. ಕೊನೆಯ ಮೂರು ಎಳೆ ಸಡಿಲವಾಗಿದ್ದವು. ಮುಂದೆ ಫೋನ್ ಇತ್ತು, ಪರದೆಯ ಮೇಲೆ ಮುಖ್ಯಸ್ಥರ ನಂಬರು. ಬಲಗೈಯಲ್ಲಿ ಸ್ಪಂಜಿನ ಚೆಂಡು ಹಿಡಿದಿದ್ದಳು.

“ಏನಾದ್ರೂ ಆಗಲಿ, ಇದ್ದದ್ದನ್ನ ಇದ್ದ ಹಾಗೇ ಓದು” ಎಂದಳು. “ದನಿ ಬದಲಾಯಿಸಬೇಡ.”

“ಸ್ಟೋರಲ್ಲೂ ಕಿಟಕಿ ಇದೆಯಂತಲ್ಲ” ಎಂದಳು ಅಮ್ಮ, ಯಾರನ್ನೂ ನೋಡದೆ.

“ಇದೆ ಅಮ್ಮ. ಗೋಡೆ ಕಡೆಗೆ.”

ನಾನು ಚಿಮುಟದಿಂದ ಕಾಗದಗಳನ್ನು ಒಂದೊಂದಾಗಿ ತಂದೆ. ಮೊದಲು ಮೂಲೆಯ ಸಾಕ್ಷಿ ಕಾಗದವನ್ನು ತೂಕದ ಯಂತ್ರದ ಮೇಲಿಟ್ಟೆ. ಅಂಕಿ ಎರಡು ಸಲ ಹೊಯ್ದಾಡಿ ನಿಂತಿತು. ೩.೩ ಎಂದು ಓದಿದೆ. ಅಂದರೆ ಗಾಳಿಯ ತೇವ ೦.೧ ಗ್ರಾಂ.

ಎರಡನೆಯದು ನನ್ನ ನಟ್ಟಿನ ಕೆಳಗಿನದು. ಎತ್ತುವಾಗಲೇ ಒಂದು ಮೂಲೆ ಜೋತು ಬಿದ್ದಿತು. ೫.೧.

“ಸ್ಟೋರ್ ಕೆಲಸ ಖಾಲಿ ಇದೆ, ನಿಂಗೆ ಹೇಳ್ಲಾ?” ಎಂದಳು ಅಕ್ಕ. ಆದರೆ ಚೆಂಡು ಹಿಸುಕುವುದನ್ನು ನಿಲ್ಲಿಸಿದ್ದಳು.

ಕೊನೆಗೆ ಅಕ್ಕನ ಡಬ್ಬಿಗಳ ಕೆಳಗಿದ್ದ ಕಾಗದವನ್ನು ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಭುಜದ ಮೇಲಿಂದ ಬಗ್ಗಿದಳು. ಅಂಕಿ ಹೊಯ್ದಾಡಿತು. ಅದು ನಿಲ್ಲುವವರೆಗೆ ಕಾದು, ತೆಗೆದು, ಇನ್ನೊಮ್ಮೆ ಇಟ್ಟು, ಮತ್ತೆ ಅದೇ ಅಂಕಿ ಬಂದ ಮೇಲೆ, ದನಿ ಬದಲಾಯಿಸದೆ ಓದಿದೆ.

೩.೩ ಗ್ರಾಂ.